ಹದಿಮೂರು ಸಾವಿರ ಅಡಿಯಲ್ಲಿ ಗಂಡಸಿನ ಮರ್ಯಾದೆ

ಬಲಗಾಲಿನ ಬೂಟನ್ನು ನನ್ನ ಗಂಡ ಎಡಗಾಲಿಗೆ ತುರುಕುತ್ತಿದ್ದರು. ಒಂದು ಸಲವಲ್ಲ, ಮೂರು ಸಲ. ಹಿಮಾಚಲದ ಬೆಟ್ಟ, ಹದಿಮೂರು ಸಾವಿರ ಅಡಿ ಎತ್ತರ, ಬೆಳಗಿನ ಆರು ಗಂಟೆ. ಟೆಂಟಿನೊಳಗೆ ಕೂತು ನಾನು ನೋಡುತ್ತಿದ್ದೆ.

"ರೀ, ಅದು ಬಲಗಾಲಿಂದು."

"ಗೊತ್ತೈತಿ," ಎಂದರು. ಮತ್ತೆ ಎಡಗಾಲಿಗೇ ಹಾಕಿದರು.

ಹೈದರಾಬಾದಿನಲ್ಲಿ, ನಮ್ಮ ನಾರಾಯಣಗೂಡದ ಪಾರ್ಕಿನಲ್ಲಿ, ಇವರದೊಂದು ವಾಕಿಂಗ್ ಗ್ಯಾಂಗ್ ಇದೆ. ಎಲ್ಲರೂ ಅರವತ್ತರ ಆಸುಪಾಸು, ಎಲ್ಲರೂ ಕಲಬುರ್ಗಿ-ಬೀದರ್ ಕಡೆಯವರು. ಹೊರಡುವ ಮುನ್ನ ಇವರಿಗೆ ಶಾಲು ಹೊದಿಸಿ, ಫೋಟೊ ತೆಗೆದು ಗ್ರೂಪಿನಲ್ಲಿ ಹಾಕಿದ್ದರು. (ನಾನೂ ಹೊರಟಿದ್ದೆ. ನನಗೆ ಶಾಲು ಇರಲಿಲ್ಲ.) ನಾಲ್ಕು ಭಾನುವಾರ ಗೋಲ್ಕೊಂಡ ಕೋಟೆ ಹತ್ತಿಳಿದದ್ದೇ ನಮ್ಮ ತಯಾರಿ.

ಗೈಡ್ ದೋರ್ಜೆ ದಿನಾ ಸಂಜೆ ಕೇಳುತ್ತಿದ್ದ, ತಲೆನೋವಿದೆಯಾ, ವಾಂತಿ ಬಂತಾ ಎಂದು. "ಏಕ್‌ದಂ ಫಿಟ್" ಎನ್ನುತ್ತಿದ್ದರು ನಮ್ಮವರು. ಅಂದು ಅನುಮಾನ ಬಂದು ಅವರ ಜರ್ಕಿನ್ ಜೇಬಿಗೆ ಕೈ ಹಾಕಿದೆ. ತಲೆನೋವಿನ ಮಾತ್ರೆಯ ಖಾಲಿ ಸ್ಟ್ರಿಪ್. ಎರಡು ದಿನದಿಂದ ಕದ್ದು ನುಂಗುತ್ತಿದ್ದರು!

"ಗ್ಯಾಸ್ ಆಗೇತಿ, ಅಷ್ಟ."

ಗ್ಯಾಸ್! ನಮ್ಮ ಗಂಡಸರಿಗೆ ಹೃದಯ ನಿಂತರೂ ಗ್ಯಾಸೇ.

ದೋರ್ಜೆಯನ್ನು ಕೂಗಿದೆ. ಅವನು ಇವರನ್ನು ಹೊರಗೆ ನಿಲ್ಲಿಸಿ, ನೇರ ಗೆರೆಯ ಮೇಲೆ ನಡೆದಂತೆ ಹತ್ತು ಹೆಜ್ಜೆ ಹಾಕಲು ಹೇಳಿದ. ನಾಲ್ಕನೆಯದಕ್ಕೆ ವಾಲಿದರು. ಆರನೆಯದಕ್ಕೆ ನನ್ನ ಮೇಲೇ ಬಿದ್ದರು. ದೋರ್ಜೆಯ ಮುಖದ ನಗು ಹೋಯಿತು. "ನೀಚೇ. ಅಭೀ," ಎಂದ. ಈಗಲೇ ಕೆಳಗೆ.

"ತುದೀಗೆ ಇನ್ನ ನಾಕ ತಾಸಿನ ಹಾದಿ ಅಷ್ಟ. ಇಳದ್ರ ಮಂದಿಗೆ ಏನ್ ಹೇಳ್ಲಿ?"

"ನೀವು ಇಳೀಲಿಲ್ಲಂದ್ರ ಮಂದಿಗೆ ನಾ ಏನ್ ಹೇಳ್ಲಿ?"

ಒಂದು ಕಡೆ ದೋರ್ಜೆ, ಇನ್ನೊಂದು ಕಡೆ ನಾನು ಹಿಡಿದು ಇಳಿಸಿದೆವು. ದಾರಿಯುದ್ದಕ್ಕೂ ಇವರ ಬೈಗುಳ, ಎರಡು ಸಲ ವಾಂತಿ. ಎತ್ತರದಲ್ಲಿ ಉಸಿರು ಸಾಲದೆ ಮಿದುಳಿಗೇ ಏಟು ಬೀಳುತ್ತದೆ, ಇಳಿಯುವುದೇ ಮದ್ದು ಎಂದು ದೋರ್ಜೆ ಹೇಳುತ್ತಲೇ ಇದ್ದ. ಮಧ್ಯಾಹ್ನ ಕೆಳಗಿನ ಕ್ಯಾಂಪ್ ಮುಟ್ಟಿದಾಗ ಇವರ ಕಣ್ಣು ತಿಳಿಯಾಗಿತ್ತು. ಅನ್ನ ಕಂಡದ್ದೇ "ಉಪ್ಪಿನಕಾಯಿ ಐತೇನು?" ಎಂದರು. ನಾನು ಬಂಡೆಯ ಹಿಂದೆ ಹೋಗಿ ಅತ್ತುಬಿಟ್ಟೆ.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ?

ಮೊನ್ನೆ ಭಾನುವಾರ ಗ್ಯಾಂಗ್ ಮನೆಗೆ ಬಂತು. ನಾನು ಚಹಾ ತರುವಷ್ಟರಲ್ಲಿ ಇವರು ಕಥೆ ಶುರು ಮಾಡಿದ್ದರು. "ಈಕಿ ಭಾಳ ಅಂಜಿದ್ಳು. ಬಿಟ್ಟು ಹೋಗಾಕ ಆಗ್ತದೇನು? ಇಳದ್ವಿ."

"ಮುಂದಿನ ಸಲ ನೀವು ಮನ್ಯಾಗ ಇರ್ರಿ ವೈನಿ," ಎಂದರು ಒಬ್ಬರು. ಎಲ್ಲರೂ ನಕ್ಕರು.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. (ಮೂವತ್ತು ವರ್ಷದ ಅಭ್ಯಾಸ.) ಆದರೆ ಮೂಲೆಯಲ್ಲಿದ್ದ ವಿಠ್ಠಲರಾಯರು ಕೇಳಿದರು: "ಮುಂದಿನ ತಿಂಗಳಿಗೆ ನಾನೂ ಬುಕ್ ಮಾಡೀನಿ. ತಲಿ ನೋವು ಬಂದ್ರ ಯಾವ ಗುಳಿಗಿ ತಗೋಬೇಕ್ರಿ?"

ಇವರು ಗುಳಿಗೆಯ ಹೆಸರು ಹೇಳಲು ಬಾಯಿ ತೆರೆದರು!

ಟ್ರೇ ಕೆಳಗಿಟ್ಟೆ. ಅಂದು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. "ಗುಳಿಗಿ ಅಲ್ರಿ ರಾಯರ. ತಲಿ ನೊಂದ್ರ ಮೊದಲ ಗೈಡಿಗೆ ಹೇಳ್ರಿ. ಇಳೀರಿ ಅಂದ್ರ ಸುಮ್ನ ಇಳೀರಿ."

ಈ ಸಲ ಯಾರೂ ನಗಲಿಲ್ಲ.

ಅಂದಿನಿಂದ ಇವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ. ಹೆಂಡತಿಯ ಮೇಲೆ ಮುನಿಸಿಕೊಳ್ಳಲಿಕ್ಕಾದರೂ ಮನುಷ್ಯ ಜೀವಂತ ಇರಬೇಕಲ್ಲವೇ?