ನೆನೆದ ಗಾಲಿಗೆ ಕಟ್ಟಿದ ಹಳಿ

ಅಕ್ಕನಿಗಾಗಿ ಮಾಡಿದ ಎರಡು ಗಾಲಿಗಳ ವಿಷಯವನ್ನು ನಾನು ಈವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಕೇಳಿದವರಿಗೆಲ್ಲ ಅಣ್ಣನೇ ಹೇಳಿಬಿಡುತ್ತಿದ್ದ, ಅದೂ ತಪ್ಪಾಗಿ. ಅವನಿಗೆ ಗೊತ್ತಿದ್ದದ್ದೇ ಅಷ್ಟು.

ಚಳ್ಳಕೆರೆಯಲ್ಲಿ ನಮ್ಮದು ಒಂದೇ ಅಂಗಳದ ಎರಡು ಕಸುಬು. ಅಣ್ಣ ಬಡಗಿ, ನಾನು ಕಮ್ಮಾರ. ಅವನು ಗಾಲಿಯ ಮರ ಕೂಡಿಸಿದರೆ ನಾನು ಅದರ ಸುತ್ತ ಕಬ್ಬಿಣದ ಹಳಿ ಕಟ್ಟಬೇಕು. ಅಪ್ಪ ಹೋದ ಮೇಲೆ ಮನೆ ಪಾಲಾಗಿ ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆ ಒಂದು ಗೇಣು ನನ್ನ ಕಡೆಗೆ ಬಂತೆಂದು ನಾನು ಬಾಯಿಗೆ ಬಂದಂತೆ ಬೈದೆ. ಅವನೂ ಬಿಡಲಿಲ್ಲ. ಆಮೇಲೆ ನಾಲ್ಕು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ, ಗಾಡಿಯವರು ಆಚೆಯಿಂದ ಈಚೆಗೆ ಮಾತು ಹೊರುತ್ತಿದ್ದರು. “ನಾಡಿದ್ದಿಗೆ ಹಳಿ ಆಗ್ಬೇಕಂತೆ, ಅವ್ನಿಗೆ ಹೇಳಪ್ಪಾ” ಎಂದು ಅಣ್ಣ ಅನ್ನುವುದು ಗೋಡೆಯಾಚೆಯಿಂದ ನನಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ಗಾಡಿಯವನು ಬೀದಿ ಸುತ್ತಿಕೊಂಡು ಬಂದು ಅದನ್ನೇ ಒಪ್ಪಿಸುವ ತನಕ ನಾನು ಕಿವುಡ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಅದು ನನಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ಅಕ್ಕ ನಮ್ಮಿಬ್ಬರ ನಡುವೆ ಹುಟ್ಟಿದವಳು. ಅವಳನ್ನು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರಕ್ಕೆ ಕೊಟ್ಟಿದ್ದರು. ಆ ಬೇಸಿಗೆಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಎದ್ದು ಕೂರಲಾಗದ ಹಾಗಾಗಿತ್ತು. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಒಯ್ದರೆ ಕೊಯ್ದು ತೆಗೆಯುತ್ತಾರೆ, ಆದರೆ ದಾರಿಯ ಕುಲುಕಾಟಕ್ಕೆ ಗಡ್ಡೆ ಒಳಗೇ ಒಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಭಾವ ಒಮ್ಮೆ ಹುಲ್ಲು ಹಾಸಿ ಗಾಡಿ ಹೂಡಿ ನೋಡಿದ. ಸಿದ್ದಾಪುರದ ಕಲ್ಲುದಾರಿ ಅರ್ಧ ಮುಗಿಯುವಷ್ಟರಲ್ಲಿ ಅಕ್ಕನಿಗೆ ಪ್ರಜ್ಞೆ ತಪ್ಪಿತು. ಹಿಂದಕ್ಕೆ ಹೊಡೆದುಕೊಂಡು ಬಂದ.

ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರ ಹಿತ್ತಿಲಲ್ಲಿ ಕುದುರೆ ಕಟ್ಟುವ ಹಳೆಯ ಕೋಚುಗಾಡಿಯೊಂದು ಬಿದ್ದಿತ್ತು. ಅದರ ಮರವನ್ನು ಗೆದ್ದಲು ತಿಂದಿತ್ತು, ಕಬ್ಬಿಣ ತುಕ್ಕು ಹಿಡಿದು ಉದುರುತ್ತಿತ್ತು, ರಬ್ಬರು ಮಾತ್ರ ಗಟ್ಟಿಯಾಗಿತ್ತು. ಈಗಿನ ಮೋಟಾರಿನ ಹಾಗೆ ಒಳಗೆ ಗಾಳಿ ತುಂಬುವ ರಬ್ಬರಲ್ಲ, ಹೆಬ್ಬೆರಳಿನ ಎರಡರಷ್ಟು ದಪ್ಪದ ಇಡೀ ರಬ್ಬರು, ಹೊಟ್ಟೆಯೊಳಗೆ ಉದ್ದಕ್ಕೂ ಎರಡು ತಂತಿ. ಭಾವ ಅದನ್ನು ಬೇಡಿ ತಂದು ಮೊದಲು ಗೋಡೆಯ ಆ ಕಡೆ ಹೋದ, ಆಮೇಲೆ ಈ ಕಡೆ ಬಂದ.

“ಇದನ್ನ ನಮ್ ಗಾಡಿಗೆ ಹೊಂದಿಸಿ ಕೊಡು. ನಿಮ್ಮಕ್ಕ ಮಲಗಿ ಬಳ್ಳಾರಿ ಸೇರಿದ್ರೆ ಸಾಕು” ಅಂದ.

ರಬ್ಬರಿನ ಉದ್ದ ನೋಡಿ ಅಣ್ಣ ಜಾಲಿ ಮರದಲ್ಲಿ ಹೊಸ ಗಾಲಿ ಕೂಡಿಸಲು ಕೂತ. ರಬ್ಬರು ಒಳಗೆ ಕೂರುವ ಹಾಗೆ ಹಳಿಯನ್ನೇ ಕಬ್ಬಿಣದ ದೋಣಿ ಮಾಡುವುದು ನನ್ನ ಪಾಲಿಗೆ ಬಂತು. ಅಂಥದ್ದನ್ನು ನಾನು ಮಾಡಿರಲಿಲ್ಲ, ನೋಡಿಯೂ ಇರಲಿಲ್ಲ. ಕಲ್ಲಿನಲ್ಲಿ ಒಂದು ತೋಡು ಕಡಿಸಿ, ಕೆಂಪಗೆ ಕಾದ ಪಟ್ಟಿಯನ್ನು ಅದರಲ್ಲಿಟ್ಟು ಗೇಣು ಗೇಣಾಗಿ ಬಡಿದು ಎರಡೂ ಅಂಚು ಎಬ್ಬಿಸಿದೆ. ಮೊದಲನೆಯದು ಕೆಟ್ಟಿತು. ಅಂಚು ನೆಟ್ಟಗೆ ನಿಂತಿದ್ದರಿಂದ, ಹಳೆಯ ಗಾಲಿಯೊಂದಕ್ಕೆ ಹಾಕಿ ಕಲ್ಲು ಹೇರಿ ಉರುಳಿಸಿದಾಗ ರಬ್ಬರನ್ನು ಕತ್ತಿಯ ಹಾಗೆ ಕೊಯ್ಯತೊಡಗಿತು. ಎರಡನೆಯದಕ್ಕೆ ಅಂಚನ್ನು ಹೊರಕ್ಕೆ ಬಗ್ಗಿಸಿ, ಅರ ಹಾಕಿ ನುಣುಪು ಮಾಡಿದೆ. ಮರಕ್ಕೆ ಮೊಳೆ ಹೊಡೆದರೆ ಅದರ ತಲೆ ರಬ್ಬರಿಗೆ ಒತ್ತುತ್ತದೆಂದು ಮೊಳೆಯನ್ನೂ ಬಿಟ್ಟೆ. ಕಬ್ಬಿಣ ಕುಗ್ಗಿ ಹಿಡಿಯುವ ಬಿಗಿ ಒಂದನ್ನೇ ನಂಬಿದ್ದೆ. ಆ ದಿನಗಳಲ್ಲಿ ನನಗೆ ನನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆಯಿತ್ತು.

ಹಳಿ ಕಟ್ಟುವುದರಲ್ಲಿ ಗುಟ್ಟೇನೂ ಇಲ್ಲ. ಗಾಲಿಯ ಸುತ್ತಳತೆಗಿಂತ ಒಂದು ಬೆರಳು ಕಡಿಮೆ ಇಟ್ಟು ಬೆಸೆಯಬೇಕು. ಕಾಯಿಸಿದರೆ ಹಿಗ್ಗುತ್ತದೆ, ಮರದ ಮೇಲೆ ಇಳಿಸಿ ನೀರು ಹೊಯ್ದರೆ ಕುಗ್ಗಿ ಕಚ್ಚುತ್ತದೆ. ಅಳೆಯುವಾಗ ಮರ ಒಣಗಿರಬೇಕು, ಅಷ್ಟೆ. ಬೇಸಿಗೆಯಲ್ಲಿ ಮರದ ಸಂದು ಬಿಡದಿರಲೆಂದು ಬಡಗಿಗಳು ಗಾಲಿಯನ್ನು ಕೆರೆಯಲ್ಲಿ ಮುಳುಗಿಸಿ ಇಡುವುದುಂಟು. ಹಾಗಿಟ್ಟರೆ ಮರ ಊದಿಕೊಳ್ಳುತ್ತದೆ. ನೆರಳಿನಲ್ಲಿ ಎಂಟು ದಿನ ಒಣಗಿಸದೆ ಅಳೆಯಬಾರದು. ಅದಕ್ಕೇ ಕಮ್ಮಾರ ಮೊದಲು ಕೇಳುವ ಮಾತು ಒಂದೇ, ಗಾಲಿ ನೀರಿಗೆ ಹೋಗಿತ್ತಾ?

ಭಾವ ಗಾಲಿ ಉರುಳಿಸಿಕೊಂಡು ಬಂದ. ನಾನು ಗಾಲಿಯ ನಡುವಿನ ಗುಂಬದ ಹತ್ತಿರ ಮರಕ್ಕೆ ಕೈ ಇಟ್ಟೆ. ತಣ್ಣಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಬಿತ್ತು. ಗೋಡೆಯಾಚೆ ಅಣ್ಣ ಉಳಿ ಮಸೆಯುತ್ತಿದ್ದ. “ಅಣ್ಣಾ” ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ಭಾವನನ್ನಾದರೂ ಕಳಿಸಬಹುದಿತ್ತು. ನನ್ನ ತಲೆಯಲ್ಲಿ ಬಂದದ್ದೇ ಬೇರೆ: ನೀರಿಗಿಟ್ಟವನು ಅವನು, ಹೇಳಿ ಕಳಿಸಬೇಕಾದವನೂ ಅವನೇ. ಹೇಳದೆ ಕಳಿಸಿ ನನ್ನ ಬಾಯಿಂದ ಮೊದಲ ಮಾತು ಹೊರಡಿಸಬೇಕೆಂದಿದ್ದಾನೆ, ನಾನು ಆಡುವುದಿಲ್ಲ. ಅಕ್ಕನ ಅವಸರಕ್ಕೆ ಹಾಗೆ ಮಾಡಿದೆ ಎಂದು ಈಗ ಹೇಳಿಕೊಳ್ಳಬಹುದು. ಅದು ಸುಳ್ಳು. ಹಟಕ್ಕೆ ಮಾಡಿದೆ. ಅಳತೆ ಹಿಡಿದು, ಬೆಸೆದು, ಕಾಯಿಸಿ ಕೂರಿಸಿದೆ. ಆರಿದ ಮೇಲೆ ರಬ್ಬರನ್ನು ದೋಣಿಗೆ ತುರುಕಿ ತಂತಿ ಬಿಗಿದೆ.

ತಳಕು ಊರಿನ ಮೇಲೆ ಹಾದು ಸಿದ್ದಾಪುರ ಮುಟ್ಟುವ ತನಕ ಗಾಲಿ ಬಿಗಿಯಾಗಿಯೇ ಇತ್ತು. ಅಕ್ಕನನ್ನು ಕಳಿಸಿಕೊಡಲು ನಾವಿಬ್ಬರೂ ಹೋಗಿದ್ದೆವು. ಅಣ್ಣ ಗಾಡಿಯ ಎಡಕ್ಕೆ ನಡೆದ, ನಾನು ಬಲಕ್ಕೆ. ಊರ ಕಲ್ಲುದಾರಿ ಇಳಿದಾಗ ಅಕ್ಕ ಕಣ್ಣು ಬಿಟ್ಟು ನಕ್ಕಳು.

“ತೊಟ್ಟಿಲಲ್ಲಿ ಮಲಗಿದಂಗೈತೆ” ಅಂದಳು. ಸ್ವಲ್ಪ ತಡೆದು ಭಾವನನ್ನು ಕೇಳಿದಳು, “ಇಬ್ರೂ ಮಾತಾಡ್ಕೊಂಡು ಮಾಡಿದ್ರಾ?”

“ಮತ್ತೆ? ಮಾತಾಡ್ದೆ ಇಂಥಾ ಗಾಲಿ ಆಗ್ತಾವಾ?” ಅಂದ ಭಾವ. ಪಾಪ, ಅವಳ ಸಮಾಧಾನಕ್ಕೆ ಅಂದ. ನಾವಿಬ್ಬರೂ ನೆಲ ನೋಡಿಕೊಂಡು ನಡೆದೆವು.

ಮೊಳಕಾಲ್ಮೂರು ದಾಟಿ ಬಳ್ಳಾರಿಯ ರಸ್ತೆಗೆ ಬಿದ್ದ ಎರಡನೆಯ ದಿನ, ಬಿಸಿಲು ನೆತ್ತಿಗೆ ಬಂದಾಗ, ನನ್ನ ಕಡೆಯ ಗಾಲಿಯಿಂದ ಸಣ್ಣಗೆ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಮರ ಒಣಗಿ ಕುಗ್ಗಿತ್ತು, ಕಬ್ಬಿಣ ಸಡಿಲವಾಗಿತ್ತು. ಬೇರೆಯವರಿಗೆ ಅದೊಂದು ಸದ್ದು, ನನಗೆ ಅರ್ಥವಾಯಿತು. “ನಿಲ್ಸು ಭಾವ” ಎಂದೆ. ಎತ್ತು ನಿಲ್ಲುವಷ್ಟರಲ್ಲಿ ದೋಣಿ ರಬ್ಬರಿನ ಸಮೇತ ಜಾರಿ ಹೊರಬಂತು, ಬರಿ ಮರ ಕಲ್ಲಿಗೆ ಬಡಿದು ಕಡ್ಡಿಗಳೆಲ್ಲ ಕಿತ್ತುಬಂದು ಗಾಲಿ ಕುಸಿಯಿತು. ಗಾಡಿ ಪಕ್ಕಕ್ಕೆ ವಾಲಿ ಅಕ್ಕ ಅಡ್ಡಪಟ್ಟಿಯ ಮೇಲೆ ಹೊಟ್ಟೆ ಒತ್ತಿ ಬಿದ್ದಳು. ಒಮ್ಮೆ “ಅವ್ವಾ” ಅಂದಳು.

ಹೊಲದಲ್ಲಿದ್ದವರಿಂದ ಮಂಚ ತರಿಸಿ ಹೊತ್ತೆವು. ಮುಂದೆ ಅಣ್ಣ ಮತ್ತು ನಾನು, ಹಿಂದೆ ಭಾವ ಮತ್ತು ಒಬ್ಬ ತೆಲುಗಿನ ರೈತ. ಅರ್ಧ ಹರಿದಾರಿ ಹೋಗಿರಬೇಕು. ಹಿಂದಿನಿಂದ ಭಾವ, “ಇಳಿಸ್ರಿ, ಸಾಕು” ಅಂದ. ನಾವು ಅವಳ ಮುಖ ನೋಡಿ ಅವಳನ್ನು ಹೊಂಗೆ ಮರದ ಕೆಳಗೆ ಇಳಿಸಿದೆವು.

ಭಾವ ಎತ್ತು ಹಿಡಿದು ತರಲು ಹಿಂದಕ್ಕೆ ಹೋದಾಗ ಅಣ್ಣ ನನ್ನ ಮುಂದೆ ಬಂದು ಕೂತ. ನಾಲ್ಕು ವರ್ಷದಲ್ಲಿ ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೂದಲು ನರೆತಿತ್ತು.

“ಕೆರೆಯಾಗ ಇಟ್ಟಿದ್ದೆ ಕಣೋ. ಹೇಳಿ ಕಳಿಸ್ಬೇಕಿತ್ತು. ಮುಟ್ಟಿದ್ರೆ ಅವ್ನಿಗೆ ಗೊತ್ತಾಗ್ತೈತೆ, ನಾನ್ಯಾಕೆ ಹೇಳ್ಲಿ ಅಂತ ಸುಮ್ನಾದೆ” ಅಂದ. ಆಮೇಲೆ ತಲೆ ಎತ್ತಿದ. “ನಿಂಗೆ ಗೊತ್ತಾಗ್ಲಿಲ್ವಾ?”

“ಇಲ್ಲಣ್ಣ” ಅಂದೆ. “ಒಣಗಿದಂಗಿತ್ತು.”

“ಹಂಗಾರೆ ನಾನೇ ಕೊಂದೆ” ಎಂದು ಅವನು ಅಕ್ಕನ ಕಾಲು ಹಿಡಿದುಕೊಂಡು ಅತ್ತ. ನಾನು ಅವನ ಬೆನ್ನು ಸವರಿದೆ.

ಅಂದಿನಿಂದ ನಾವು ಮಾತಾಡಿಕೊಂಡೇ ಇದ್ದೆವು. ಅವನು ಗಾಲಿ ಮಾಡುವುದನ್ನು ಬಿಟ್ಟು ನೇಗಿಲು, ಬಾಗಿಲು ಕೆತ್ತಿಕೊಂಡಿದ್ದ. ಕೆರೆಯ ವಿಷಯವನ್ನು ಅಣ್ಣನ ಬಾಯಿಂದಲೇ ಕೇಳಿದ ಭಾವ ಅವನ ಮನೆಗೆ ಮತ್ತೆ ಕಾಲಿಡಲಿಲ್ಲ, ನನ್ನ ಮನೆಗೆ ಮಾತ್ರ ಬರುತ್ತಿದ್ದ. ಬಂದಾಗ ಅಣ್ಣನ ಹೆಸರೆತ್ತಿದರೆ ಅರ್ಧ ಊಟಕ್ಕೇ ಏಳುತ್ತಿದ್ದ. ಹಾಗಾಗಿ ನಾನು ಎತ್ತುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ಹೋದ ತಿಂಗಳು ಅಣ್ಣ ತೀರಿಕೊಂಡ. ಕೊನೆಯ ದಿನ ನನ್ನ ಕೈ ಹಿಡಿದು, “ನೀನೊಬ್ಬನಾದ್ರೂ ನನ್ನ ಕ್ಷಮಿಸಿದ್ಯಲ್ಲೋ” ಅಂದ. ನಾನು ಹೂಂ ಅಂದೆ.