ಜೇಪೂಟಿಗೆ ಒಪ್ಪುವ ಬಂದೂಕು

ಬಂದೂಕಿನ ವಿಷಯದಲ್ಲಿ ಜೇಪೂಟಿಯ ಉಪದೇಶ ಕೇಳದವರು ಬಾಫಿನ್ ದ್ವೀಪದ ಆ ಪುಟ್ಟ ಊರಿನಲ್ಲಿ ಯಾರೂ ಇರಲಿಲ್ಲ. ತಪ್ಪಿಸಿಕೊಂಡು ಹೋಗಲು ಅವನು ಬಿಡಬೇಕಲ್ಲ. ಅಂಗಡಿಯ ಬಾಗಿಲ ಪಕ್ಕದ ಬೆಂಚೇ ಅವನ ಪೀಠ. ಹಾಲಿನ ಪುಡಿ ಕೊಳ್ಳಲು ಬಂದವರೂ ನಳಿಗೆ, ಬೋಲ್ಟು, ತೋಟಾಗಳ ಬಗ್ಗೆ ಒಂದಿಷ್ಟು ಕಲಿತೇ ಹೊರಬೀಳಬೇಕಿತ್ತು.

ಇಷ್ಟೆಲ್ಲ ಬಲ್ಲವನ ಕೈ ಬರಿದಾದದ್ದು ಹೋದ ವಸಂತದಲ್ಲಿ. ಹೆಪ್ಪುಗಟ್ಟಿದ ಕಡಲ ಮೇಲೆ ಬರುತ್ತಿದ್ದಾಗ ಜಾರುಬಂಡಿ ಒಂದು ಬಿರುಕಿಗೆ ವಾಲಿ, ಅಪ್ಪನ ಕಾಲದ ರೈಫಲ್ಲು ನೀರುಪಾಲಾಯಿತು. "ನಾನು ಹತ್ತಿರ ಹೋದಮೇಲೆ ಅದು ಬಾಯಿ ಬಿಡ್ತು" ಎಂದು ಅವನು ಹೇಳಿದ. ಬಿರುಕಿನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಊರು ಒಪ್ಪಿಕೊಂಡಿತು.

ಒಪ್ಪದವಳು ಅವನ ತಾಯಿ ಒಬ್ಬಳೇ. ತಾಯಿ ಎಂದರೆ ತಂಗಿಯ ಮಗಳು ಉಲೂರಿಯಾಕ್. ಜೇಪೂಟಿಯ ತಾಯಿ ತೀರಿಕೊಂಡ ಚಳಿಗಾಲದಲ್ಲೇ ಹುಟ್ಟಿದ ಕೂಸಿಗೆ ಅಜ್ಜಿಯ ಹೆಸರನ್ನೇ ಇಟ್ಟರು. ಹೆಸರು ಬಂದರೆ ಹೆಸರಿನವರೂ ಬಂದಂತೆಯೇ. ಅಂದಿನಿಂದ ಅವನು ಅವಳನ್ನು ಅವ್ವ ಎಂದು ಕರೆದ. ಅವಳು ಮಾತು ಕಲಿತ ದಿನದಿಂದ ಅವನನ್ನು ಮಗಾ ಎಂದು ಗದರಿಸಿದಳು. ಈಗ ವಿಮಾನದಿಂದ ಸಾಮಾನು ಇಳಿಸುವ ಕೆಲಸದಲ್ಲಿರುವ ಗಟ್ಟಿ ಹೆಂಗಸು. ಸೋದರಮಾವನೆಂಬ ದಾಕ್ಷಿಣ್ಯ ಅವಳಿಗೆ ಎಂದೂ ಅಡ್ಡ ಬಂದಿರಲಿಲ್ಲ.

"ನೋಡು ಮಗಾ, ಈ ಸಲ ಒಳ್ಳೇ ಬಂದೂಕು ಇಲ್ದೆ ನೀನು ಬಿಡಾರಕ್ಕೆ ಹೋಗೋ ಹಾಗಿಲ್ಲ. ಕರಡಿ ಬಂದ್ರೆ ಅದಕ್ಕೂ ಬೆಂಚು ಹಾಕಿ ಕೂರಿಸ್ತೀಯಾ?"

ಬಿಡಾರವೆಂದರೆ ಕೊಲ್ಲಿಯ ಬಾಯಲ್ಲಿ ವಸಂತಕ್ಕೆ ಹಾಕುವ ಡೇರೆ. ಸೀಲುಗಳು ಮಂಜುಗಡ್ಡೆಯ ಮೇಲೆ ಬಿಸಿಲು ಕಾಯಿಸುವ ಆ ಕೆಲವು ವಾರಗಳಿಗಾಗಿಯೇ ಜೇಪೂಟಿ ಉಳಿದ ವರ್ಷವನ್ನು ಸಹಿಸಿಕೊಳ್ಳುತ್ತಿದ್ದ. ಅದು ತಪ್ಪಿದರೆ ಬದುಕಿದ್ದೂ ಏನು ಬಂತು ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಹೀಗೆ ಬಂದೂಕಿನ ಹುಡುಕಾಟ ಶುರುವಾಯಿತು. ಹೆಣ್ಣು ನೋಡುವವರು ಕೂಡ ಅಷ್ಟು ಮನೆ ಹತ್ತಿ ಇಳಿದಿರಲಿಕ್ಕಿಲ್ಲ. ಒಂದು ಭಾರ, ಒಂದು ಹಗುರ. ತಾನಾಗಿಯೇ ತೋಟಾ ತುಂಬಿಕೊಳ್ಳುವ ಜಾತಿಯದು ಕಡು ಚಳಿಯಲ್ಲಿ ಕೈಕೊಡುತ್ತದೆ. ಇನ್ನೊಂದರಲ್ಲಿ ಗುಂಡು ಹಾರಿಸುವ ಕುದುರೆಗೆ ತೊಗಲಿನ ಕೈಗವಸಿನ ಬೆರಳು ಹೋಗುವುದಿಲ್ಲ. ಮತ್ತೊಂದರ ತೋಟಾ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ; ವಿಮಾನ ಬರದ ವಾರ ಅದು ಬರೀ ಊರುಗೋಲು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ತೊಂದರೆ.

"ಸೀಲಿಗೂ ಆಗ್ಬೇಕು, ಕಾರಿಬೂ ಜಿಂಕೇಗೂ ಆಗ್ಬೇಕು, ಕರಡೀನೂ ನಿಲ್ಲಿಸ್ಬೇಕು. ಬಿದ್ರೂ ಮುರೀಬಾರ್ದು, ನೆನೆದ್ರೂ ಮುನೀಬಾರ್ದು" ಎಂದ.

ಅಂಗಡಿಯ ಲೂಕಾಸಿ, ಅವನ ಓರಗೆಯವನು, ಚಹಾ ಸುರಿಯುತ್ತ ಹೇಳಿದ: "ನಿಂಗೆ ಬೇಕಿರೋದು ಬಂದೂಕಲ್ಲ ಮಾರಾಯ, ಅಳಿಯ. ನಂದೇ ತಗೊಂಡ್ ಹೋಗು, ದುರ್ಬೀನೂ ಇದೆ."

"ಆ ಟೀ ಫ್ಲಾಸ್ಕಾ? ಕಣ್ಣಿಲ್ದೋರಿಗೆ ಅದು."

ಬಂದೂಕಿನ ಮೇಲೆ ದುರ್ಬೀನು ಕಂಡರೆ ಜೇಪೂಟಿ ಹೀಗೆಯೇ ಅನ್ನುತ್ತಿದ್ದ. ಊರಿನ ಅರ್ಧ ಗಂಡಸರನ್ನು ಆ ಒಂದು ಮಾತಿನಿಂದ ಆಡಿಕೊಂಡಿದ್ದ.

ಕೊನೆಗೆ ಅಂಗಡಿಯಲ್ಲೇ ಇದ್ದ ಒಂದು ರೈಫಲ್ಲು ಅವನಿಗೆ ಒಪ್ಪಿಗೆಯಾಯಿತು. ಮಧ್ಯಮ ತೂಕ, ಕೈಯಿಂದ ಎಳೆಯುವ ಬೋಲ್ಟು, ಕೈಗವಸು ಹಿಡಿಯುವಷ್ಟು ಜಾಗ, ತೋಟಾ ಸದಾ ಸಿಗುವಂಥದು. ಚಳಿಗೆ ಗಟ್ಟಿಯಾಗದಿರಲೆಂದು ಅದರ ಎಣ್ಣೆಯನ್ನೆಲ್ಲ ಒರೆಸಿ ತೆಗೆದ. ಬಿಸಿಗೆ ಬೆವರಿ ಆಮೇಲೆ ಹೆಪ್ಪುಗಟ್ಟದಿರಲೆಂದು ಮನೆಯೊಳಗೆ ತರದೆ ಹೊರಗಿನ ತಣ್ಣನೆ ಕೋಣೆಯಲ್ಲಿ ನಿಲ್ಲಿಸಿದ. ಎಲ್ಲ ಮಾಡಿದ, ಒಂದು ಗುಂಡು ಮಾತ್ರ ಹಾರಿಸಲಿಲ್ಲ. ಉಲೂರಿಯಾಕ್‌ಗೆ ಆಗ ನೆನಪಾಯಿತು: ಚಳಿಗಾಲವಿಡೀ ಇವನು ನೋಡಿದ ಯಾವ ಬಂದೂಕಿನಿಂದಲೂ ಗುಂಡು ಹಾರಿಸಿರಲಿಲ್ಲ.

"ತೋಟಾ ದಂಡ ಮಾಡ್ಬಾರ್ದು ಅವ್ವಾ" ಎಂದ, ಕೇಳಿದ್ದಕ್ಕೆ.

ಮರುದಿನ ಅವಳು ಅವನನ್ನು ಕಡಲ ಮೇಲೆ ಕರೆದೊಯ್ದಳು. ಇಬ್ಬರೇ. ಒಂದು ಚಹಾ ಡಬ್ಬಿ ಹಿಡಿದು ದೂರ ನಡೆದು, ಮಂಜಿನ ದಿಬ್ಬದ ಬಳಿ ಬಗ್ಗಿ, ತಿರುಗಿ ಬಂದಳು.

"ಹೂಂ, ಹೊಡಿ ಮಗಾ."

ಜೇಪೂಟಿ ಮಂಡಿಯೂರಿ ಗುರಿ ಹಿಡಿದ. ಉಸಿರು ಬಿಟ್ಟ. ಬಂದೂಕು ಇಳಿಸಿದ.

"ಗಾಳಿ ಇದೆ."

"ಡಬ್ಬಿ ಕಾಣ್ತಿದೆಯಲ್ಲ?"

"ಕಾಣ್ದೆ ಏನು? ಕೆಂಪಗೆ ಎದ್ದು ಕಾಣ್ತಿದೆ. ಈ ಗಾಳಿ ಒಂದು ನಿಲ್ಲಲಿ."

ಉಲೂರಿಯಾಕ್ ಅಂಗಿಯ ಜೇಬಿಗೆ ಕೈಹಾಕಿ ಕೆಂಪು ಡಬ್ಬಿಯನ್ನು ಹೊರತೆಗೆದು ಅವನ ಮೊಣಕಾಲ ಪಕ್ಕ ಇಟ್ಟಳು.

ಅವನು ಡಬ್ಬಿಯನ್ನೇ ನೋಡಿದ. ಅವಳು ಬರೀ ತಂಗಿಯ ಮಗಳಾಗಿ ಹೀಗೆ ಮಾಡಿದ್ದರೆ ಊರು ಬಿಟ್ಟು ಹೋಗುವಷ್ಟು ಅವಮಾನ. ಹಿರಿಯನ ಕಣ್ಣು ಹೋಯಿತೆಂದು ಹೇಳುವ ಅಧಿಕಾರ ಕಿರಿಯರಿಗಿಲ್ಲ. ಲೂಕಾಸಿಯಾಗಿದ್ದರೆ ಜಗಳವೇ ಆಗುತ್ತಿತ್ತು. ಆದರೆ ಎದುರಿಗೆ ನಿಂತದ್ದು ತಾಯಿ. ತಾಯಿಯ ಮುಂದೆ ಏನನ್ನು ಮುಚ್ಚಿಡುವುದು?

"ಕಾಣಲ್ಲ ಅವ್ವಾ" ಎಂದ. "ನಳಿಗೆ ತುದೀನೇ ಮಂಜುಮಂಜು. ಆ ಬಿರುಕೂ ಕಂಡಿರ್ಲಿಲ್ಲ."

ಅವಳು ಪಕ್ಕದಲ್ಲಿ ಕುಳಿತಳು. ಅವಳಿಗೂ ಸಂಕಟವಾಗಿತ್ತು, ತೋರಿಸಿಕೊಳ್ಳಲಿಲ್ಲ. "ದುರ್ಬೀನು ಹಾಕಿಸೋಣ. ಬಂಡಿ ನಾನು ಓಡಿಸ್ತೀನಿ. ದಾರಿ ನಾನು ನೋಡ್ತೀನಿ, ನೀನು ಬೇಟೆ ನೋಡು."

"ಊರೆಲ್ಲ ನಗುತ್ತೆ."

"ನಗಲಿ. ಇಷ್ಟು ವರ್ಷ ನೀನು ನಕ್ಕಿಲ್ವಾ? ಈಗ ಅವರ ಸರದಿ."

ಊರು ಸರದಿಯನ್ನು ಬಿಟ್ಟುಕೊಡಲಿಲ್ಲ. ದುರ್ಬೀನು ಕೂರಿಸಿದ ಬಂದೂಕು ಹೆಗಲಿಗೇರಿಸಿ ಜೇಪೂಟಿ ಹೊರಟಾಗ ಲೂಕಾಸಿ ಬಾಗಿಲಿಗೇ ಬಂದ. "ಫ್ಲಾಸ್ಕಲ್ಲಿ ಚಹಾ ಬಿಸಿ ಇದೆಯೇನೋ?"

"ಅವ್ವ ಹಾಕ್ಸಿದ್ದು" ಎಂದ ಜೇಪೂಟಿ. ಲೂಕಾಸಿ ಬಾಯಿ ಮುಚ್ಚಿಕೊಂಡ. ಒಬ್ಬರ ತಾಯಿಯನ್ನು ಆಡಿಕೊಳ್ಳುವಂತಿಲ್ಲ.

ಕೊಲ್ಲಿಯ ಬಾಯಲ್ಲಿ ಡೇರೆ ಎದ್ದ ಮೇಲೆ, ಬಿಸಿಲಲ್ಲಿ ಮಲಗಿದ್ದ ಒಂದು ಸೀಲಿನ ಕಡೆಗೆ ಜೇಪೂಟಿ ಬಿಳಿ ಬಟ್ಟೆಯ ಮರೆ ತಳ್ಳಿಕೊಂಡು ತೆವಳಿದ. ಒಂದೇ ಗುಂಡು. ಎಳೆದು ತಂದು, ಉಪ್ಪು ಕಡಲಿನ ಜೀವದ ದಾಹ ತೀರಲೆಂದು ಕರಗಿದ ಮಂಜಿನ ಸಿಹಿನೀರನ್ನು ಅದರ ಬಾಯಿಗೆ ಬಿಟ್ಟು, ಹೊಟ್ಟೆ ಸೀಳಿದ. ಹೊಸ ಬಂದೂಕಿನ ಮೊದಲ ಬೇಟೆ. ಮೊದಲ ತುಂಡು ತಾಯಿಗೆ ಸೇರಬೇಕು. ಮೊದಲ ಸೀಲು ಹೊಡೆದ ಹುಡುಗನಾಗಿದ್ದಾಗ ಮಾಡಿದಂತೆಯೇ, ಬಿಸಿ ಯಕೃತ್ತಿನ ತುಂಡನ್ನು ಎರಡೂ ಕೈಯಲ್ಲಿ ಕೊಟ್ಟ.

ಉಲೂರಿಯಾಕ್ ಅಗಿಯುತ್ತ ಸೀಲಿನ ತಲೆಯನ್ನು ತಿರುಗಿಸಿ ನೋಡಿದಳು. "ಗುಂಡು ಸ್ವಲ್ಪ ಹಿಂದಕ್ಕೆ ಬಿದ್ದಿದೆ."

"ಗಾಳಿ ಇತ್ತು ಅವ್ವಾ."

ಅವಳು ಡೇರೆಯ ಕಡೆ ನೋಡಿದಳು. ಬಾಗಿಲ ಬಟ್ಟೆ ಅಲುಗದೆ ನೇತಾಡುತ್ತಿತ್ತು. ಜೇಪೂಟಿಯೂ ನೋಡಿದ.

"ಇರ್ಲಿಲ್ಲ" ಎಂದ.

ಅವಳು ಎರಡನೆಯ ತುಂಡು ಕೊಯ್ದು ಅವನ ಬಾಯಿಗಿಟ್ಟಳು.