ಅಮಾನತ್ತಿನ ಬೈರಿಗೆ

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಅಪ್ಪ ನಾರಾಯಣಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಮಿಠಾಯಿ ಅಂಗಡಿಯವರೊಬ್ಬರು ಸೊಲ್ಲಾಪುರದಿಂದ ಸ್ಟೇನ್‌ಲೆಸ್ ಸ್ಟೀಲಿನ ತಗಡು ತಂದುಕೊಟ್ಟು ಬೂಂದಿ ಝಾರಿ, ಅಂದರೆ ಹಿಟ್ಟು ಉದುರಿಸುವ ತೂತಿನ ಸೌಟು, ಮಾಡಿಕೊಡಲು ಹೇಳಿದರು. ನಮ್ಮ ಓಣಿ ಆ ಲೋಹವನ್ನು ಅದುವರೆಗೆ ಕಂಡಿರಲಿಲ್ಲ.

ಡಬ್ಬದ ತಗಡಿಗೆ ಮಾಡುವಂತೆಯೇ ಅಪ್ಪ ಅದನ್ನು ಹುಣಸೆ ದಿಮ್ಮಿಯ ಮೇಲಿಟ್ಟು, ತೂತು ಹಾಕುವ ಉಳಿಯಿಂದ ಹೊಡೆದರು. ತಗಡು ಬಾಗಿತು, ಉಳಿ ಮೊಂಡಾಯಿತು. ಬಿದ್ದ ಒಂದೆರಡು ತೂತುಗಳ ಅಂಚು ಹರಿದಿತ್ತು. ಅಂಥ ತೂತಿನಿಂದ ಬೂಂದಿ ದುಂಡಗೆ ಇಳಿಯದೆ ಬಾಲ ಬಿಡುತ್ತದೆ. ಬೇಕಾದದ್ದು ಕೈಯಿಂದ ತಿರುಗಿಸುವ ಬೈರಿಗೆ, ಗಟ್ಟಿ ಉಕ್ಕಿನ ಮೊನೆಯದು. ಅದು ನಮ್ಮ ಮನೆಯಲ್ಲೇ, ತೊಲೆಗೆ ತೂಗುಹಾಕಿದ ಗೋಣಿಚೀಲದಲ್ಲಿತ್ತು.

ಚೀಲ ಪಕ್ಕದ ಮನೆಯ ಸಾಹೇಬರದು. ಬೀಗ ರಿಪೇರಿ ಮಾಡುತ್ತಿದ್ದವರು. ಸೈನ್ಯ ಬಂದ ವಾರ ಅದಕ್ಕೆ ಗಂಟು ಹಾಕಿ ಕೊಟ್ಟು, ‘ಅಮಾನತ್ ಐತಿ ಅಣ್ಣಾ, ಬಂದು ತಗೊಂತೀನಿ’ ಎಂದು ಗದ್ವಾಲದ ಕಡೆ ಹೋದವರು ಮರಳಲಿಲ್ಲ. ಸತ್ತರೆಂದು ಹೇಳಿದವರೂ ಇಲ್ಲ. ಹೀಗೆ ಅಮಾನತ್ತೆಂದು ನಂಬಿ ಇಟ್ಟ ಗಂಟನ್ನು ಇಟ್ಟವರೇ ಬಿಚ್ಚಬೇಕು. ಅವರು ತೀರಿಕೊಂಡರೆ ಮಾತ್ರ ಮನೆಯವರು ಬಿಚ್ಚುವುದು ನಮ್ಮಲ್ಲಿನ ರೂಢಿ. ಅವರ ಹೆಂಡತಿ ಇನ್ನೂ ಕೈತುಂಬ ಬಳೆ ತೊಡುತ್ತಿದ್ದರು. ಅಪ್ಪ ಚೀಲದ ಕಡೆ ತಲೆ ಎತ್ತಿ ನೋಡಲೂ ಇಲ್ಲ.

ಬಡಿತ ಕೇಳಿ ಆಕೆಯೇ ಬಂದರು.

‘ಏನಣ್ಣಾ, ತಗಡಿಗೆ ತೂತು ಹಾಕಾಕತ್ತೀರೋ, ಸಿಟ್ಟು ತೀರಿಸ್ಕೊಳ್ಳಾಕತ್ತೀರೋ?’

‘ಮೊಂಡು ಲೋಹ ತಂಗೀ. ಮಾತು ಕೇಳವಲ್ತು.’

‘ಬೈರಿಗಿ ಚೀಲದಾಗ ಐತಲ್ಲರೀ.’

‘ಆ ಗಂಟು ನಾ ಮುಟ್ಟೂದಿಲ್ಲ.’

ಆಕೆ ಅಲ್ಲಿದ್ದ ಕತ್ತರಿ ಕೈಗೆತ್ತಿಕೊಂಡರು. ‘ನಾನೂ ಮುಟ್ಟೂದಿಲ್ಲ. ಇಳಸ್ರಿ.’

ಇಳಿಸಿದ ಚೀಲವನ್ನು ತಲೆಕೆಳಗು ಮಾಡಿ, ತಳದ ಹೊಲಿಗೆಯನ್ನು ಕತ್ತರಿಯಿಂದ ಅಂಗೈಯಷ್ಟು ಬಿಡಿಸಿ, ಬೈರಿಗೆಯನ್ನು ಎಳೆದುಕೊಟ್ಟರು. ಬಾಯಿಯ ಗಂಟು ಅವರ ಗಂಡ ಹಾಕಿದ ಹಾಗೆಯೇ ಉಳಿಯಿತು. ‘ಕೆಲಸಾದ ಮ್ಯಾಲ ಕರೀರಿ. ಒಳಗಿಟ್ಟು ಹೊಲೀತೀನಿ’ ಎಂದು ಮನೆಗೆ ಹೋದರು.

ಅಪ್ಪ ಎಣ್ಣೆ ಬಿಟ್ಟು, ಭಾರ ಹಾಕಿ, ನಿಧಾನವಾಗಿ ತಿರುಗಿಸಿದರು. ಅವಸರ ಮಾಡಿದರೆ ಮೊನೆ ಕೊರೆಯದೆ ಉಜ್ಜುತ್ತಿತ್ತು, ಉಜ್ಜಿದಲ್ಲಿ ಸ್ಟೀಲು ಇನ್ನೂ ಗಟ್ಟಿಯಾಗುತ್ತಿತ್ತು. ತೂತುಗಳು ದುಂಡಗೆ, ನುಣ್ಣಗೆ ಬಂದವು. ಸಾಹೇಬರು ಹೋದಂದಿನಿಂದ ನಿಂತಿದ್ದ ಬೈರಿಗೆಯ ಕಿರುಗುಟ್ಟುವಿಕೆ ಓಣಿಗೆ ಮತ್ತೆ ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಆಚೆಯಿಂದ ಆಕೆಯ ದನಿ ಬಂತು. ಕೆಲಸದಲ್ಲಿ ಮುಳುಗಿದ ಗಂಡನನ್ನು ಊಟಕ್ಕೆ ಕರೆಯುವ ದನಿ, ಉರ್ದುವಿನಲ್ಲಿ. ರೊಟ್ಟಿ ಆರುತ್ತಿದೆ, ಇನ್ನು ಸಾಕು, ಬನ್ನಿ. ನಡುವೆ ಸಣ್ಣಗೆ ನಕ್ಕರು. ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಝಾರಿಯ ಕೊನೆಯ ತೂತು ಮುಗಿದಿತ್ತು. ಅಪ್ಪ ಅದನ್ನು ಪಕ್ಕಕ್ಕಿಟ್ಟರು. ಗೋಡೆಯ ಕಡೆ ನೋಡಿದರು. ಆಮೇಲೆ ಕತ್ತರಿಸಿ ಉಳಿದಿದ್ದ ತಗಡಿನ ಚೂರೊಂದನ್ನು ಕಾಲಡಿ ಒತ್ತಿಹಿಡಿದು, ಆಕೆಯ ಮಾತು ನಿಲ್ಲುವವರೆಗೂ ಬೈರಿಗೆ ತಿರುಗಿಸುತ್ತಲೇ ಕುಳಿತರು.